ಬಂಗಾರ ಹೋಯ್ತು, ಭಂಗಾರ ಉಳೀತು: ಕೆಜಿಎಫ್ ಯಂತ್ರಗಳ ಪಟ್ಟಿ ಮೊದಲು, ಹರಾಜು ಆಮೇಲೆ

ನಮ್ಮೂರು ಮಹಾಲಿಂಗಪುರ. ಬೆಲ್ಲದ ಪೇಟೆ ಅಂದ್ರೆ ನಿಮಗೆ ಗೊತ್ತಾಗಬಹುದು. ಈಗ ಊರ ಸುತ್ತ ಸಕ್ಕರೆ ಕಾರ್ಖಾನೆಗಳು ಬಂದಿವೆ. ಮೊದಲು ಹೊಲಕ್ಕೊಂದು ಗಾಣ ಇರುತ್ತಿತ್ತು. ನಮ್ಮಜ್ಜಂದೂ ಒಂದಿತ್ತು. ಮೂರು ಉರುಳೆಯ ಬೀಡಿನ ಗಾಣ, ಎತ್ತು ಕಟ್ಟಿ ತಿರುಗಿಸೋದು. ಅಜ್ಜ ತೀರಿಕೊಂಡ ಮೇಲೆ ಅದು ಹಿತ್ತಲಲ್ಲಿ ಮುಳ್ಳುಕಂಟಿಯ ನಡುವೆ ವರ್ಷಾನುಗಟ್ಟಲೆ ಬಿದ್ದಿತ್ತು. ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಅದನ್ನ ಮಾರಿದರು. "ಇಟ್ಕೊಂಡು ಏನ್ ಮಾಡ್ತಿ? ಹಾವು ಸೇರ್ಕೋತಾವ ಅದರಾಗ" ಅಂದ್ರು. ತಕ್ಕಡಿ ತಂದವನು ಸುತ್ತಿಗೆಯಿಂದ ನಾಲ್ಕು ಹೊಡೆದು ಒಡೆದ, ತೂಗಿದ, ಟಂಟಂ ಗಾಡಿಗೆ ಹಾಕ್ಕೊಂಡು ಹೋದ. ಆ ದುಡ್ಡಲ್ಲಿ ನನಗೊಂದು ಮೊಬೈಲ್ ಬಂತು. ನಾನೂ ಖುಷಿಯಾಗೇ ಇದ್ದೆ.

ಆ ಗಾಣದ ಮೇಲೆ ಉಬ್ಬಕ್ಷರದಲ್ಲಿ ಏನೋ ಬರೆದಿತ್ತು. ಯಾವ ಫೌಂಡ್ರಿ, ಯಾವ ಊರು, ಯಾವ ಇಸವಿ? ಮೆಕ್ಯಾನಿಕಲ್ ಓದುತ್ತಿದ್ದ ನಾನು ಒಂದು ದಿನವೂ ಅದನ್ನ ಓದಿರಲಿಲ್ಲ. ಇವತ್ತು ಮನೆಯಲ್ಲಿ ಯಾರನ್ನ ಕೇಳಿದರೂ ನೆನಪಿಲ್ಲ.

ಮರಾಠಿ ನೆರೆಯಿಂದಾಗಿ ನಮ್ಮ ಕಡೆ ಗುಜರಿಗೆ 'ಭಂಗಾರ' ಅಂತಾರೆ. ಚಿನ್ನಕ್ಕೆ 'ಬಂಗಾರ'. ಒಂದು ಮಹಾಪ್ರಾಣದ ವ್ಯತ್ಯಾಸ. ಮಾತಾಡುವಾಗ ನಮ್ಮ ಜನ ಮಹಾಪ್ರಾಣಕ್ಕೆ ಅಷ್ಟೇನು ತಲೆ ಕೆಡಿಸಿಕೊಳ್ಳಲ್ಲ, ಹಾಗಾಗಿ ಎರಡೂ ಒಂದೇ ಥರ ಕೇಳಿಸುತ್ತೆ. ಕೋಲಾರದ ಚಿನ್ನದ ಗಣಿಯ ಸುದ್ದಿ ಬಂದಾಗಲೆಲ್ಲ ನನಗೆ ಈ ಎರಡು ಪದ ನೆನಪಾಗುತ್ತವೆ. ಯಾಕೆಂದರೆ ಅಲ್ಲಿ ಬಂಗಾರದ ಲೆಕ್ಕ ಗ್ರಾಂನಲ್ಲಿ ನಡೀತಿದೆ, ಆ ಬಂಗಾರ ತೆಗೆದ ಯಂತ್ರಗಳ ಲೆಕ್ಕ ಭಂಗಾರದ ತಕ್ಕಡಿಯಲ್ಲಿ ನಡೀತಿದೆ.

ಸುದ್ದಿ ಏನು?

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಜಿಎಫ್‌ನಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಜಾಗದಲ್ಲಿರುವ 13 ಮಣ್ಣಿನ ದಿಬ್ಬಗಳನ್ನ ಮತ್ತೆ ಅಗೆದು ಚಿನ್ನ ತೆಗೆಯೋಕೆ ಅವಕಾಶ ಮಾಡಿಕೊಡೋ ಪ್ರಸ್ತಾವ ಅದು. ಈ ದಿಬ್ಬಗಳು ಹರಡಿರೋದು ಸುಮಾರು 1,003 ಎಕರೆಯಲ್ಲಿ. ಸ್ಥಳೀಯರು ಇವನ್ನ ಸಯನೈಡ್ ಗುಡ್ಡ ಅಂತಾರೆ. ಯಶ್ ಸಿನಿಮಾ ನೋಡಿದವರು ಈ ಗುಡ್ಡಗಳನ್ನೂ ನೋಡಿದ್ದೀರಿ. ಬಂಡೆಯನ್ನ ಹಿಟ್ಟು ಮಾಡಿ, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಅಲ್ಲಿ ಬಿದ್ದಿದೆ. ಒಟ್ಟು ಸುಮಾರು 3.3 ಕೋಟಿ ಟನ್ ಅನ್ನೋದು ಅಂದಾಜು. ಟನ್ನಿಗೆ ಒಂದು ಗ್ರಾಂ ಆಸುಪಾಸು ಚಿನ್ನ ಸಿಕ್ಕರೂ ಇವತ್ತಿನ ಬೆಲೆಗೆ ಲಾಭ ಇದೆ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಅಲ್ಲಿಂದ ಕೋರ್ಟು, ಜಾಗತಿಕ ಟೆಂಡರ್ ಮಾತು, 2013ರ ಸುಪ್ರೀಂ ಕೋರ್ಟ್ ತೀರ್ಪು ಅಂತ ಎಳೆದುಕೊಂಡು ಬಂದ ಕಥೆ ಈಗ ಈ ದಿಬ್ಬಗಳ ಹತ್ತಿರ ಬಂದು ನಿಂತಿದೆ.

ಈ ಚರ್ಚೆಯಲ್ಲಿ ಮಣ್ಣಿಗೆ ಬೆಲೆ ಇದೆ, ಅದು ಗ್ರಾಂ ಲೆಕ್ಕದಲ್ಲಿ. ಜಾಗಕ್ಕೆ ಬೆಲೆ ಇದೆ, ಎಕರೆ ಲೆಕ್ಕದಲ್ಲಿ. ಕೈಗಾರಿಕಾ ಟೌನ್‌ಶಿಪ್ ಆಗಬೇಕು ಅನ್ನೋ ಮಾತೂ ಜೊತೆಗಿದೆ. ಆ ಜಾಗದ ಮೇಲೆ ನಿಂತಿರೋ ಶಾಫ್ಟ್ ಗೋಪುರಗಳು, ಹಗ್ಗ ಸುತ್ತುವ ವೈಂಡರ್‌ಗಳು, ಕಂಪ್ರೆಸರ್‌ಗಳು, ಗಿರಣಿಯ ಅವಶೇಷಗಳು, ವರ್ಕ್‌ಶಾಪಿನ ಲೇತ್‌ಗಳು? ಅವಕ್ಕಿರೋ ಬೆಲೆ ಕೆಜಿಗೆ ಇಷ್ಟು ಅಂತ. ಬೀಗ ಹಾಕಿದ ಶೆಡ್ಡುಗಳಿಂದ ಕಬ್ಬಿಣ ಕದ್ದ ಸುದ್ದಿ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತೆ. ಕಳ್ಳನೂ ಸರಕಾರವೂ ಒಂದೇ ತಕ್ಕಡಿ ಹಿಡಿದಿರೋದು ಇದೊಂದು ವಿಷಯದಲ್ಲೇ ಇರಬೇಕು.

ತವರದ ಊರಿಂದ ಬಂದ ಒನಕೆ

ಈ ಯಂತ್ರಗಳು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದರೆ ಚಿನ್ನ ಬಿಟ್ಟು ತವರಕ್ಕೆ ಬಂದು ನಿಲ್ಲುತ್ತೀವಿ.

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ. ಅಲ್ಲಿ ತವರ, ತಾಮ್ರ ತೆಗೆಯೋದು ಬಹಳ ಹಳೇ ಕಸುಬು. ಆಳದ ಗಣಿಯಲ್ಲಿ ನೀರು ಎತ್ತೋ ಸ್ಟೀಮ್ ಎಂಜಿನ್ ಪಳಗಿದ್ದು ಅಲ್ಲೇ. ಹೆಚ್ಚು ಒತ್ತಡದ ಹಬೆಯನ್ನ ಕೆಲಸಕ್ಕೆ ಹಚ್ಚಿದ ರಿಚರ್ಡ್ ಟ್ರೆವಿಥಿಕ್ ಕೂಡ ಆ ಗಣಿ ಸೀಮೆಯವನೇ. 1866ರಲ್ಲಿ ಅಲ್ಲಿನ ತಾಮ್ರದ ಧಂದೆ ಕುಸಿಯಿತು. 1870ರ ದಶಕದಲ್ಲಿ ಆಸ್ಟ್ರೇಲಿಯಾದ, ಅದರ ಬೆನ್ನಿಗೇ ಮಲಯಾದ ಅಗ್ಗದ ತವರ ಮಾರುಕಟ್ಟೆಗೆ ನುಗ್ಗಿ ತವರದ ಗಣಿಗಳಿಗೂ ಕುತ್ತು ಬಂತು. ಕೆಲಸ ಕಳೆದುಕೊಂಡ ಕಾರ್ನ್‌ವಾಲ್ ಗಣಿಗಾರರು ಭೂಮಿಯ ಯಾವ ಮೂಲೆಯಲ್ಲಿ ತೂತು ಕೊರೆದರೂ ಅಲ್ಲಿಗೆ ಹೋದರು.

ಅಂಥ ಒಂದು ಮೂಲೆ ನಮ್ಮ ಮೈಸೂರು ಸಂಸ್ಥಾನ. ಮೈಕೆಲ್ ಲವೆಲ್ ಅನ್ನೋ ಐರಿಶ್ ಮಾಜಿ ಸಿಪಾಯಿ 1875ರಲ್ಲಿ ಇಲ್ಲಿ ಗಣಿ ಪರವಾನಗಿ ಪಡೆದಿದ್ದ. ಅವನಿಗೂ ಮೊದಲು, 1802ರ ಹೊತ್ತಿಗೆ, ಸರ್ವೆಗೆ ಬಂದಿದ್ದ ಜಾನ್ ವಾರೆನ್ ಊರ ಜನ ಮಣ್ಣು ತೊಳೆದು ಚಿನ್ನ ತೆಗೆಯೋದನ್ನ ನೋಡಿದ್ದ. ಹಾಗಾಗಿ 'ಬ್ರಿಟಿಷರು ಕಂಡುಹಿಡಿದರು' ಅನ್ನೋದನ್ನ ದಯವಿಟ್ಟು ಬಿಡಿ. 1880ರಲ್ಲಿ ಬಂದ ಕಂಪನಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಇವರ ಮೂಲ ಅನುಭವವೇ ಕಾರ್ನ್‌ವಾಲ್, ಡೆವನ್ ಗಣಿಗಳದ್ದು. ಅವರು ತಮ್ಮ ಊರಿನ ಪದ್ಧತಿಯನ್ನ ಸಾರಾಸಗಟಾಗಿ ತಂದರು. ಗಣಿ ಮೇಲ್ವಿಚಾರಕನಿಗೆ 'ಕ್ಯಾಪ್ಟನ್' ಅನ್ನೋ ಹೆಸರು ಕೂಡ ತವರದ ಗಣಿಯಿಂದಲೇ ಬಂದದ್ದು. ಚಾಂಪಿಯನ್ ರೀಫ್‌ನ ಶ್ರೀಮಂತ ಅದಿರಿನ ಪಟ್ಟಿ ಸಿಕ್ಕಿದ್ದು ಕ್ಯಾಪ್ಟನ್ ಪ್ಲಮರ್ ಕಾಲದಲ್ಲಿ.

ಜೊತೆಗೆ ಬಂತು ಸ್ಟ್ಯಾಂಪ್ ಮಿಲ್. ಇದನ್ನ ಅರ್ಥ ಮಾಡಿಕೊಳ್ಳೋಕೆ ಎಂಜಿನಿಯರಿಂಗ್ ಬೇಡ. ಮನೆಯಲ್ಲಿ ಒರಳು, ಒನಕೆ ನೋಡಿದ್ದರೆ ಸಾಕು. ಸಾಲಾಗಿ ನಿಲ್ಲಿಸಿದ ಕಬ್ಬಿಣದ ಒನಕೆಗಳು. ಹಿಂದೆ ಒಂದು ತಿರುಗುವ ದಂಡ, ಅದರ ಮೇಲೆ ಕ್ಯಾಮ್ ಅನ್ನೋ ಕೊಕ್ಕೆಯಂಥ ಹಲ್ಲುಗಳು. ದಂಡ ತಿರುಗಿದಂತೆ ಹಲ್ಲು ಒನಕೆಯನ್ನ ಎತ್ತುತ್ತೆ, ಬಿಡುತ್ತೆ. ಒನಕೆ ತನ್ನ ಭಾರಕ್ಕೇ ಬಿದ್ದು ಕೆಳಗಿನ ಬಂಡೆ ಚೂರನ್ನ ಪುಡಿ ಮಾಡುತ್ತೆ. ಎಲ್ಲವೂ ಒಟ್ಟಿಗೆ ಬೀಳಲ್ಲ, ಒಂದಾದ ಮೇಲೊಂದು ಬೀಳೋ ಹಾಗೆ ಹಲ್ಲುಗಳನ್ನ ತಿರುಚಿ ಕೂರಿಸಿರುತ್ತಾರೆ. ಒಟ್ಟಿಗೆ ಬಿದ್ದರೆ ದಂಡ ಮುರಿಯುತ್ತೆ. ಹಾಗಾಗಿ ಆ ಸದ್ದಿಗೆ ಒಂದು ತಾಳ ಇರುತ್ತೆ, ಹಗಲು ರಾತ್ರಿ. ತವರದ ಅದಿರನ್ನ ಹೀಗೆ ಕುಟ್ಟಿದ ಮೇಲೆ ನೀರು ಹರಿಸಿ ಬೇರ್ಪಡಿಸುತ್ತಿದ್ದರು. ತವರದ ಖನಿಜ ಬಿಳಿಗಲ್ಲಿಗಿಂತ ಎರಡೂವರೆ ಪಟ್ಟು ಭಾರ, ಕೆಳಗೆ ನಿಲ್ಲುತ್ತೆ, ಕಲ್ಲಿನ ಪುಡಿ ಕೊಚ್ಚಿ ಹೋಗುತ್ತೆ. ಮೊರದಲ್ಲಿ ಕೇರಿದ ಹಾಗೆ. ಚಿನ್ನದ ವಿಷಯದಲ್ಲಿ ಆ ಪುಡಿನೀರನ್ನ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸಿದರು, ಚಿನ್ನ ಪಾದರಸಕ್ಕೆ ಅಂಟಿಕೊಂಡಿತು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಪೇಟೆಂಟ್ ಆದ ಸಯನೈಡ್ ವಿಧಾನ ಆಮೇಲೆ ಸೇರಿಕೊಂಡಿತು. ಈಗ ಹರಾಜಿಗೆ ಸಿದ್ಧವಾಗ್ತಿರೋ ಆ ಗುಡ್ಡಗಳನ್ನ ಒಟ್ಟಿದ್ದು ಈ ಒನಕೆಗಳು ಮತ್ತು ಅವುಗಳ ನಂತರ ಬಂದ ಬಾಲ್ ಮಿಲ್‌ಗಳು. ಗುಡ್ಡಕ್ಕೆ ಟೆಂಡರ್ ಇದೆ, ಗುಡ್ಡ ಹುಟ್ಟಿಸಿದ ಯಂತ್ರಕ್ಕೆ ಕ್ಯಾಟಲಾಗ್ ನಂಬರೂ ಬೇಡವಾ?

ಇನ್ನು ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಬೇಗ ಮುಗಿಸ್ತೀನಿ. ಬಾಯ್ಲರಿಗೆ ಸೌದೆ ಸುರಿದು ಸುರಿದು ಸಾಕಾದ ಕಂಪನಿಗಳಿಗಾಗಿ ಮೈಸೂರು ಸರಕಾರ ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿತು. 1902ರ ಜೂನ್ ಕೊನೆಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರಕ್ಕೆ ಕರೆಂಟ್ ಕೊಟ್ಟರು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಮೂರು ವರ್ಷ ತಡವಾಗಿ. 'ಏಷ್ಯಾದಲ್ಲೇ ಮೊದಲು' ಅಂತ ಹೆಮ್ಮೆ ಪಡೋ ಪೋಸ್ಟ್‌ಗಳಲ್ಲಿ ಈ ಸರತಿ ಯಾರದ್ದಾಗಿತ್ತು ಅನ್ನೋದು ಇರಲ್ಲ.

ಯಂತ್ರ ಯಾಕೆ ಸಾಕ್ಷಿ?

ಇಲ್ಲಿ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಹಳೇ ಯಂತ್ರ ಉಳಿಸಿ ಅಂದ ತಕ್ಷಣ ನಮಗೆ ಕಣ್ಮುಂದೆ ಬರೋದು ಬಣ್ಣ ಬಳಿದು ರೆಸಾರ್ಟ್ ಮುಂದೆ ನಿಲ್ಲಿಸಿದ ಗಾಲಿ, ಪಕ್ಕದಲ್ಲಿ ಸೆಲ್ಫಿ. ಅದಕ್ಕೋಸ್ಕರ ನಾನು ಈ ಲೇಖನ ಬರೀತಿಲ್ಲ. ಕೆಜಿಎಫ್‌ನ ಕಾರ್ಮಿಕರು ಬಹುಪಾಲು ಆರ್ಕಾಟು ಸೀಮೆಯಿಂದ ಬಂದ ತಮಿಳು ದಲಿತರು. ಅವರ ಬಗ್ಗೆ ಕಂಪನಿ ಬರೆದಿಟ್ಟ ಕಾಗದಗಳಲ್ಲಿ ಅವರು ಹಾಜರಿ ಪಟ್ಟಿಯ ನಂಬರುಗಳು, ಅಪಘಾತದ ಅಂಕಿಗಳು, ಇಲ್ಲವೇ ಅದಿರು ಕಳ್ಳರು. ಮೈಸೂರು ಸಂಸ್ಥಾನ 1897ರಲ್ಲೇ ಗಣಿ ಕಾನೂನು ತಂದು ಲೆಕ್ಕಕ್ಕಿಲ್ಲದ ಅದಿರು ಕೈಯಲ್ಲಿದ್ದರೆ ಅಪರಾಧ ಅಂತ ಮಾಡಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಣಿ ಮಾಡೋಕೆ ಹೊರಟಾಗ ದೊಡ್ಡ ಮುಷ್ಕರವೇ ಆಯಿತು. ಮನುಷ್ಯರ ಬೆರಳನ್ನೂ ಪಟ್ಟಿ ಮಾಡಲು ಹೊರಟಿದ್ದ ಜಾಗದಲ್ಲಿ ಇವತ್ತು ಯಂತ್ರದ ಪಟ್ಟಿ ಕೇಳಿದರೆ ಅದು ಭಾವುಕತೆ ಅನ್ನಿಸಿಕೊಳ್ಳುತ್ತೆ.

ಈ ಕಾಗದ ಹೇಳದೆ ಇರೋದನ್ನ ಯಂತ್ರ ಹೇಳುತ್ತೆ. ಉದಾಹರಣೆಗೆ ಡ್ರಿಲ್. ಒತ್ತಿದ ಗಾಳಿಯಿಂದ ನಡೆಯೋ ಬಂಡೆ ಕೊರೆಯುವ ಯಂತ್ರ. ಮೊದಮೊದಲು ಇವು ಒಣ ಡ್ರಿಲ್‌ಗಳು. ಕೊರೆದಂತೆಲ್ಲ ಬಿಳಿಗಲ್ಲಿನ ಸಣ್ಣ ದೂಳು ಹಿಡಿದವನ ಮುಖಕ್ಕೇ ಬರುತ್ತೆ, ಶ್ವಾಸಕೋಶಕ್ಕೆ ಹೋಗುತ್ತೆ, ಸಿಲಿಕೋಸಿಸ್ ಆಗುತ್ತೆ. ಅಮೆರಿಕದ ಗಣಿಗಾರರು ಅದಕ್ಕೆ ಹೆಂಡತಿಯನ್ನ ವಿಧವೆ ಮಾಡೋ ಯಂತ್ರ ಅಂತಲೇ ಹೆಸರಿಟ್ಟಿದ್ದರು. ಡ್ರಿಲ್ ಸಲಾಕೆಯ ನಡುವೆ ತೂತು ಮಾಡಿ ನೀರು ಹರಿಸಿ ದೂಳು ಅಡಗಿಸುವ ಉಪಾಯವನ್ನ ಜಾರ್ಜ್ ಲೇನರ್ ಅನ್ನೋ ಅಮೆರಿಕನ್ 1890ರ ದಶಕದಲ್ಲೇ ಮಾಡಿದ್ದ. ಅಂದರೆ ಪರಿಹಾರ ಗೊತ್ತಿತ್ತು. ಹಾಗಾದರೆ ಒಂದು ಗಣಿಯ ಸ್ಟೋರಿನಲ್ಲಿ ಬಿದ್ದಿರೋ ಡ್ರಿಲ್‌ಗಳನ್ನ ಸಾಲಾಗಿ ಇಟ್ಟು ತಯಾರಿಕೆಯ ಇಸವಿ ನೋಡಿ. ಸಲಾಕೆಯಲ್ಲಿ ನೀರಿನ ತೂತು ಯಾವ ವರ್ಷದಿಂದ ಶುರುವಾಗುತ್ತೆ? ಪರಿಹಾರ ಗೊತ್ತಾದ ದಿನಕ್ಕೂ ಅದು ಕೂಲಿಯವನ ಕೈಗೆ ಬಂದ ದಿನಕ್ಕೂ ನಡುವೆ ಎಷ್ಟು ವರ್ಷ? ಆ ಅಂತರ ಒಂದು ಆರೋಪಪಟ್ಟಿ. ಕಂಪನಿಯ ವಾರ್ಷಿಕ ವರದಿಯಲ್ಲಿ ಅದನ್ನ ಯಾರೂ ಬರೆದಿರಲ್ಲ. ಡ್ರಿಲ್ ಕರಗಿಸಿದರೆ ಆ ಆರೋಪಪಟ್ಟಿಯೂ ಕರಗುತ್ತೆ.

ಎರಡು ವರ್ಷದ ಹಿಂದೆ ಮಾರಿಕುಪ್ಪಂ ಸ್ಟೇಷನ್ ಹೊರಗೆ ಟೀ ಕುಡೀತಾ ಒಬ್ಬ ನಿವೃತ್ತ ವೈಂಡಿಂಗ್ ಡ್ರೈವರ್ ಹತ್ತಿರ ಮಾತಾಡಿದ್ದೆ. ಹೆಸರು ಬರೀಬೇಡ ಅಂದಿದ್ದಾರೆ, ಬರೆಯಲ್ಲ. ಅವರ ಕೆಲಸ ಶಾಫ್ಟ್‌ನಲ್ಲಿ ಜನರ ತೊಟ್ಟಿಲನ್ನ ಇಳಿಸೋದು, ಏರಿಸೋದು. ಮನೆಯಷ್ಟು ದೊಡ್ಡ ಡ್ರಮ್, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಡ್ರೈವರಿಗೆ ಕೆಳಗಿನ ಜನ ಕಾಣಲ್ಲ. ಕೇಳಿಸೋದು ಗಂಟೆಯ ಸಂಕೇತ, ಕಾಣೋದು ಆಳ ತೋರಿಸೋ ಮುಳ್ಳು, ಅಷ್ಟೇ.

"ಹಗ್ಗ ಎಳೆಯುತ್ತೆ ತಂಬಿ," ಅಂದರು.

"ಎಳೆಯುತ್ತೆ ಅಂದ್ರೆ?"

"ಉದ್ದ ಆಗುತ್ತೆ. ಜನ ಜಾಸ್ತಿ ಹತ್ತಿದ್ರೆ ಜಾಸ್ತಿ. ಹೊಸ ಹಗ್ಗ ಒಂದ್ ಥರ, ಹಳೇದು ಒಂದ್ ಥರ. ಮುಳ್ಳು ಸರಿಯಾಗೇ ತೋರಿಸ್ತಾ ಇರುತ್ತೆ, ತೊಟ್ಟಿಲು ಮಾತ್ರ ಒಂದಡಿ ಕೆಳಗೆ ನಿಂತಿರುತ್ತೆ. ಒಂದಡಿ ಸಾಕು ಕಾಲು ಹೋಗೋಕೆ. ಅದಕ್ಕೆ ನಾವು ಡ್ರಮ್ ಅಂಚಿಗೆ ನಮ್ ಗುರುತು ಹಾಕ್ಕೊಳ್ತಾ ಇದ್ವಿ, ಸುಣ್ಣದ ಕಡ್ಡೀಲಿ. ಒಬ್ಬೊಬ್ರದ್ದು ಒಂದೊಂದು ಗುರುತು."

ನಾನು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಹಗ್ಗದ ಹಿಗ್ಗುವಿಕೆಯ ಸೂತ್ರ ಬರೆದು ಮಾರ್ಕ್ಸ್ ತಗೊಂಡವನು. ಕಿಲೋಮೀಟರ್‌ಗಟ್ಟಲೆ ಹಗ್ಗ ತನ್ನ ಭಾರಕ್ಕೇ ಹಿಗ್ಗುತ್ತೆ ಅನ್ನೋದು ಪರೀಕ್ಷೆಯ ಮಾಮೂಲಿ ಪ್ರಶ್ನೆ. ಅದೇ ಸೂತ್ರವನ್ನ ಸುಣ್ಣದ ಕಡ್ಡಿಯಲ್ಲಿ ಬರೆದು, ಇಪ್ಪತ್ತು ಜನರ ಜೀವವನ್ನ ಅದರ ಮೇಲೆ ನಿಲ್ಲಿಸಿದ್ದವರ ಎದುರು ಕೂತಾಗ ನನ್ನ ಡಿಗ್ರಿ ಸ್ವಲ್ಪ ಸಣ್ಣದಾಗಿ ಕಂಡಿತು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಆ ಗುರುತನ್ನ ಡ್ರಮ್ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಇನ್ನೆಷ್ಟು ವರ್ಷ ಇರ್ತಾರೆ ಅನ್ನೋದಕ್ಕೆ ಟೆಂಡರ್ ವೇಳಾಪಟ್ಟಿ ಕಾಯಲ್ಲ.

ಇನ್ನೊಂದು ಮಾತು. ಚಾಂಪಿಯನ್ ರೀಫ್ 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಲ್ಲಿಗೆ ಒಂದೇ ಹಗ್ಗದಲ್ಲಿ ಹೋಗೋಕಾಗಲ್ಲ, ಒಂದು ಹಂತ ಇಳಿದು ಭೂಮಿಯೊಳಗೇ ಇರೋ ಇನ್ನೊಂದು ವೈಂಡರಿನ ತೊಟ್ಟಿಲು ಹತ್ತಬೇಕು. ಕೆಳಗೆ ಬಂಡೆಯ ಬಿಸಿಯೇ 65 ಡಿಗ್ರಿ ದಾಟುತ್ತಿತ್ತು. 1965ರಲ್ಲಿ ವಾತಾವರಣದ ನ್ಯೂಟ್ರಿನೋ ಕಣಗಳನ್ನ ಜಗತ್ತಿನಲ್ಲಿ ಮೊದಲಿಗೆ ಗುರುತಿಸಿದ ತಂಡಗಳಲ್ಲಿ ಒಂದು ಕೆಲಸ ಮಾಡಿದ್ದು ಈ ಗಣಿಯ ಆಳದಲ್ಲೇ. ಆ ವಿಜ್ಞಾನಿಗಳನ್ನ ಇಳಿಸಿದ್ದೂ ಇಂಥ ಡ್ರೈವರುಗಳೇ. ಗಣಿ ಮುಚ್ಚಿ ಪಂಪು ನಿಂತ ಮೇಲೆ ಒಳಗೆಲ್ಲ ನೀರು ತುಂಬಿದೆ. ಒಳಗಿನ ಯಂತ್ರ ಹೋದಂತೆಯೇ ಲೆಕ್ಕ. ಕಣ್ಣಿಗೆ ಕಾಣೋ ಸಾಕ್ಷಿ ಅಂತ ಉಳಿದಿರೋದು ನೆಲದ ಮೇಲಿನದ್ದು ಮಾತ್ರ.

ಬೇರೆಯವರು ಏನು ಮಾಡಿದರು

1985ರ ಅಕ್ಟೋಬರ್‌ನಲ್ಲಿ ಜಗತ್ತಿನ ತವರದ ಬೆಲೆ ಕುಸಿದು ಬಿತ್ತು. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಬಾಗಿಲು ಹಾಕಿತು, ನಮ್ಮ ಗಣಿಗಿಂತ ಬರೀ ಮೂರು ವರ್ಷ ಮುಂಚೆ. 2006ರಲ್ಲಿ ಆ ಇಡೀ ಗಣಿ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಗೀವರ್ ಅನ್ನೋ ತವರದ ಗಣಿ ಇವತ್ತು ಮ್ಯೂಸಿಯಂ. ಕೆಲಸಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆಯೂ ಅಲ್ಲಿ ಪ್ರದರ್ಶನದ ಭಾಗ. ಕ್ಯಾಂಬೋರ್ನ್ ಹತ್ತಿರದ ಕಿಂಗ್ ಎಡ್ವರ್ಡ್ ಮೈನ್‌ನಲ್ಲಿ ಹಳೇ ತವರದ ಗಿರಣಿಯ ಯಂತ್ರಗಳನ್ನ ಉಳಿಸಿಕೊಂಡಿದ್ದಾರೆ.

'ಅವರು ಶ್ರೀಮಂತರು ಬಿಡಿ' ಅಂತೀರಾ? ಮಲೇಷ್ಯಾ ನೋಡಿ. ಕಾರ್ನ್‌ವಾಲ್‌ನವರನ್ನ ಊರು ಬಿಡಿಸಿದ ತವರದ ದೇಶ ಅದು. ಪೆರಾಕ್ ರಾಜ್ಯದ ತಂಜೋಂಗ್ ತುವಾಲಾಂಗ್ ಬಳಿ 1938ರಲ್ಲಿ ಕಟ್ಟಿದ ಒಂದು ತವರದ ಡ್ರೆಜ್ ಇದೆ. ನೀರಲ್ಲಿ ತೇಲುತ್ತಾ ಬಕೆಟ್ ಸರಪಳಿಯಿಂದ ಕೆಸರು ಅಗೆದು ಒಳಗೇ ಜರಡಿ ಹಿಡಿಯೋ 4,500 ಟನ್ ತೂಕದ ರಾಕ್ಷಸ ಯಂತ್ರ. ಬ್ರಿಟಿಷರ ಕಾಲದ್ದೇ. 1980ರ ದಶಕದ ಆರಂಭದಲ್ಲಿ ಕೆಲಸ ನಿಲ್ಲಿಸಿತು. ಅದನ್ನ ಭಂಗಾರಕ್ಕೆ ಹಾಕಿದ್ದರೆ 4,500 ಟನ್ ಉಕ್ಕಿನ ದುಡ್ಡು ಬರ್ತಿತ್ತು. ಅವರು ದುರಸ್ತಿ ಮಾಡಿ ಜನರಿಗೆ ತೆರೆದರು. ವಸಾಹತುಶಾಹಿಯ ಯಂತ್ರ ಇಟ್ಟುಕೊಂಡರೆ ವಸಾಹತುಶಾಹಿಯನ್ನ ಹೊಗಳಿದಂತೆ ಅಂತ ಅವರಿಗೆ ಅನ್ನಿಸಲಿಲ್ಲ.

ಹಾಗಂತ ಕಾರ್ನ್‌ವಾಲ್ ಮಾದರಿಯನ್ನ ಕಣ್ಣುಮುಚ್ಚಿ ತರಬೇಕು ಅಂತಲೂ ನಾನು ಹೇಳಲ್ಲ. ಅಲ್ಲಿ ಗಣಿಗಾರನೂ ಬಿಳಿಯ, ಕ್ಯಾಪ್ಟನ್ನೂ ಬಿಳಿಯ, ಕಥೆ ಒಂದೇ ಊರಿನದು. ನಮ್ಮಲ್ಲಿ ಕ್ಯಾಪ್ಟನ್ ಬಂಗಲೆಯಲ್ಲಿ, ಕಾರ್ಮಿಕ ತಟ್ಟಿ ಗುಡಿಸಲಲ್ಲಿ. 'ಲಿಟ್ಲ್ ಇಂಗ್ಲೆಂಡ್' ಅಂತ ಹಳೇ ಕ್ಲಬ್ಬು, ಬಂಗಲೆಗಳ ರೀಲ್ಸ್ ಮಾಡೋ ಪಾರಂಪರಿಕ ಪ್ರೇಮ ನನಗೆ ಹಿಡಿಸಲ್ಲ. ಪಾ. ರಂಜಿತ್ 2024ರಲ್ಲಿ 'ತಂಗಲಾನ್' ಮಾಡಿ ಇದೇ ನೆಲದ ಕಥೆಯನ್ನ ಕೆಳಗಿನವರ ಕಡೆಯಿಂದ ಹೇಳೋಕೆ ಹೊರಟರು. ಸಿನಿಮಾ ಹೇಗಿತ್ತು ಅನ್ನೋದು ಬೇರೆ ಜಗಳ.

ವಾರಸುದಾರ ಯಾರು?

ರೈಲ್ವೆ ಇಲಾಖೆ ಹಳೇ ಎಂಜಿನ್‌ಗಳನ್ನ ಉಳಿಸಿಕೊಂಡಿದೆ, ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ. ಯಾಕೆಂದರೆ ರೈಲ್ವೆ ಬದುಕಿರೋ ಇಲಾಖೆ. ಕೆಜಿಎಫ್‌ನ ಗಣಿಗಳನ್ನ ಮೈಸೂರು ರಾಜ್ಯ 1956ರಲ್ಲಿ ರಾಷ್ಟ್ರೀಕರಣ ಮಾಡಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಬಿಜಿಎಂಎಲ್ ಆಯಿತು, 2001ರಲ್ಲಿ ಮುಚ್ಚಿತು. ಸತ್ತ ಕಂಪನಿಯ ಯಂತ್ರಕ್ಕೆ ವಾರಸುದಾರರಿಲ್ಲ, ಲಿಕ್ವಿಡೇಶನ್ ಭಾಷೆಯಲ್ಲಿ ಅದು 'ಚರಾಸ್ತಿ'.

ತಮಾಷೆ ಏನು ಗೊತ್ತಾ? ಕೆಜಿಎಫ್ ಸಮೀಪದ ಪೆದ್ದಪಲ್ಲಿಯಲ್ಲಿರೋ ಲಾವಾ ಕಲ್ಲನ್ನ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಒಳ್ಳೇದೇ. ಅದೇ ನೆಲದ ಬಂಡೆಯನ್ನ ಮೂರು ಕಿಲೋಮೀಟರ್ ಸೀಳಿದ ಯಂತ್ರಕ್ಕೆ ಆ ಭಾಗ್ಯ ಇಲ್ಲ. ಕಾನೂನು ಇಲ್ಲ ಅಂತಲೂ ಹೇಳೋ ಹಾಗಿಲ್ಲ. 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯಾನದಲ್ಲಿ ಮೂರ್ತಿ, ನಾಣ್ಯ ಮಾತ್ರ ಇಲ್ಲ. ಹಿಂದಿನ ಕಾಲದ ವಿಜ್ಞಾನ, ಕುಶಲಕರ್ಮಗಳನ್ನ ತೋರಿಸುವ, ನೂರು ವರ್ಷ ದಾಟಿದ ಯಾವುದೇ ವಸ್ತು ಅದರೊಳಗೆ ಬರಬಹುದು. 1902ರ ವಿದ್ಯುತ್ ಕಾಲದ ಯಂತ್ರಕ್ಕೆ ನೂರು ತುಂಬಿ ಎರಡು ದಶಕ ದಾಟಿದೆ. ಅದನ್ನ ಪುರಾವಸ್ತು ಅಂತ ಓದೋಕೆ ಬೇಕಾಗಿರೋದು ಒಬ್ಬ ಅಧಿಕಾರಿಯ ಮನಸ್ಸು ಮತ್ತು ಯಂತ್ರದ ಮೇಲಿನ ಇಸವಿಯ ಫೋಟೋ.

ಈಗ ಕೆಜಿಎಫ್‌ನ ಗೆಳೆಯರು ನನಗೆ ಹಾಕೋ ಪ್ರಶ್ನೆ. ಬೆಳಗಿನ ಜಾವ ಮಾರಿಕುಪ್ಪಂ ಟ್ರೈನು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗಿ ರಾತ್ರಿ ಬರೋ ಊರು ಇದು. ಕಾರ್ಮಿಕರ ಮನೆ ಹಕ್ಕಿನ ಜಗಳ, ಬಾಕಿ ಹಣದ ಜಗಳ ಇನ್ನೂ ಇದೆ. ಗಾಳಿ ಎದ್ದರೆ ಗುಡ್ಡದ ಪುಡಿ ಅನ್ನದ ತಟ್ಟೆಗೆ ಬರುತ್ತೆ. 'ನಿಂಗೆ ಮ್ಯೂಸಿಯಂ ಬೇಕಾ?'

ಈ ಪ್ರಶ್ನೆಯನ್ನ ತಳ್ಳಿಹಾಕೋ ಹಕ್ಕು ನನಗಿಲ್ಲ. ದಿಬ್ಬ ಅಗೆಯೋದರಿಂದ ಊರಿನ ಹುಡುಗರಿಗೆ ಕೆಲಸ ಸಿಗೋದಾದರೆ, ದೂಳು ಕಡಿಮೆ ಆಗೋದಾದರೆ ಅಗೆಯಲಿ. ಎಲ್ಲ ಯಂತ್ರ ಉಳಿಸೋಕೂ ಆಗಲ್ಲ, ತುಕ್ಕು ಹಿಡಿದ ಪೈಪು ಪೈಪೇ. ನಾನು ಕೇಳ್ತಿರೋದು ಮ್ಯೂಸಿಯಂಗಿಂತ ಬಹಳ ಚಿಕ್ಕದು, ಒಂದು ಪಟ್ಟಿ. ಹರಾಜಿನ ಷರತ್ತಿನಲ್ಲೇ ಬರಲಿ: ಗುತ್ತಿಗೆ ಪಡೆದ ಜಾಗದ ಪ್ರತಿ ಯಂತ್ರದ ಫೋಟೋ, ಅಳತೆ, ತಯಾರಕರ ಫಲಕ, ಇಸವಿ, ಯಾವ ಶಾಫ್ಟಿಗೆ ಸೇರಿದ್ದು ಅನ್ನೋದು ದಾಖಲಾಗಿ ಸಾರ್ವಜನಿಕವಾಗೋವರೆಗೆ ಒಂದು ಬೋಲ್ಟ್ ಕೂಡ ಹೊರಗೆ ಹೋಗಬಾರದು. ಆ ಯಂತ್ರ ನಡೆಸಿದವರು ಬದುಕಿದ್ದರೆ ಅವರ ಮಾತು ಅವರ ಭಾಷೆಯಲ್ಲೇ, ಅದು ತಮಿಳಾಗಲಿ ತೆಲುಗಾಗಲಿ, ರೆಕಾರ್ಡ್ ಆಗಬೇಕು. ಅದಕ್ಕೆ ಅವರಿಗೆ ದಿನಗೂಲಿ ಕೊಡಬೇಕು, ಶಾಲು ಹೊದಿಸಿ ಕಳಿಸಬಾರದು. ಉಳಿಸಬೇಕಾದವು ಯಾವುವು ಅಂತ ಆ ಪಟ್ಟಿ ಕೈಗೆ ಬಂದ ಮೇಲೆ ಜಗಳ ಆಡೋಣ.

ಇದನ್ನ ಮಾಡೋರು ಯಾರು ಅಂದರೆ, ಗಣಿ ಯಂತ್ರಗಳನ್ನೇ ತಯಾರಿಸೋ ಬಿಇಎಂಎಲ್ ಕಾರ್ಖಾನೆ ಅದೇ ಊರಲ್ಲಿದೆ. ಬಂಡೆಯ ವರ್ತನೆ ಅಭ್ಯಾಸ ಮಾಡೋ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಅಲ್ಲೇ. ಸುತ್ತಮುತ್ತ ಐಟಿಐ, ಪಾಲಿಟೆಕ್ನಿಕ್ ಹುಡುಗರಿದ್ದಾರೆ, ಅವರ ಕೈಯಲ್ಲಿ ಫೋನಿದೆ. ಕೊನೇ ವರ್ಷದ ಪ್ರಾಜೆಕ್ಟ್ ಅಂತ ಬೆಂಗಳೂರಿನಿಂದ ರೆಡಿಮೇಡ್ ಕಿಟ್ ತಂದು ಬೈಂಡಿಂಗ್ ಮಾಡಿಸೋ ಬದಲು (ನಾನೂ ಅದನ್ನೇ ಮಾಡಿದ್ದು) ಒಂದು ವೈಂಡರಿನ ಅಳತೆ ತಗೊಂಡು ಡ್ರಾಯಿಂಗ್ ಮಾಡಲಿ. ಟೆಂಡರಿನ ಮೊತ್ತದ ಮುಂದೆ ಈ ಖರ್ಚು ಲೆಕ್ಕಕ್ಕೇ ಬರಲ್ಲ.

ಕೋಲಾರ ದೂರ ಆಯ್ತು ಅನ್ನೋ ಉತ್ತರ ಕರ್ನಾಟಕದ ಓದುಗರಿಗೆ: ಲಿಂಗಸುಗೂರು ತಾಲೂಕಿನ ಹಟ್ಟಿ ನಮಗೆ ಹತ್ತಿರ. ಅಲ್ಲಿನ ಹಳೇ ಕೆಲಸದ ಗುಂಡಿಗಳು ಸುಮಾರು 2,000 ವರ್ಷ ಹಿಂದಿನವು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲೂ ಕೆಲಸ ಮಾಡಿದ್ದು ಇದೇ ಜಾನ್ ಟೇಲರ್ ಕಂಪನಿ. 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಶುರುವಾದ ಕಂಪನಿ ಇವತ್ತು ರಾಜ್ಯ ಸರಕಾರದ್ದು, ಬದುಕಿದೆ, ಚಿನ್ನ ತೆಗೀತಿದೆ. ಬದುಕಿರೋ ಗಣಿಗೆ ಪ್ರತಿ ಸಲ ಹೊಸ ಯಂತ್ರ ಬಂದಾಗ ಹಳೇದು ಹೊರಗೆ ಹೋಗುತ್ತೆ. ಅಲ್ಲಿ ಈ ಪಟ್ಟಿ ಶುರು ಮಾಡೋಕೆ ದಿಲ್ಲಿಯ ಅನುಮತಿ ಬೇಡ, ಆಡಳಿತ ಮಂಡಳಿಯ ಒಂದು ನಿರ್ಣಯ ಸಾಕು. ರಾಯಚೂರಿನ ಶಾಸಕರಿಗೆ ಈ ಲೇಖನ ಫಾರ್ವರ್ಡ್ ಮಾಡಿ.

ಕಳೆದ ವಾರ ಊರಿಗೆ ಹೋದಾಗ ನಮ್ಮ ಓಣಿಯಲ್ಲಿ ಒಬ್ಬರು ಹಳೇ ಪವರ್‌ಲೂಮ್ ಮಗ್ಗಗಳನ್ನ ಮಾರಾಟಕ್ಕೆ ಇಟ್ಟಿದ್ದರು. ಧಂದೆ ಇಲ್ಲ, ಏನು ಮಾಡ್ತಾರೆ ಪಾಪ. ಕೆಜಿ ಲೆಕ್ಕಕ್ಕೇ ವ್ಯವಹಾರ ಕುದುರಿತ್ತು. ಟೆಂಪೋ ಬರೋಕೆ ಇನ್ನೂ ಅರ್ಧ ಗಂಟೆ ಇತ್ತು. ಪಕ್ಕದ ಚೌಕಟ್ಟಿನ ಮೇಲಿನ ಎಣ್ಣೆ ಜಿಡ್ಡನ್ನ ಒರೆಸಿದರೆ ಅಕ್ಷರ ಕಂಡವು. "ಏನ್ ಓದಾಕತ್ತಿ ತಮ್ಮಾ, ತಗೋತಿಯೇನ?" ಅಂತ ಕೇಳಿದರು. ಇಲ್ಲ ಕಾಕಾ, ಫೋಟೋ ಅಷ್ಟೇ ಅಂದೆ. ಅವರು ನಕ್ಕು, ಒಂದು ಹಳೇ ಬಟ್ಟೆ ತಂದು ಉಳಿದ ಮಗ್ಗಗಳ ಜಿಡ್ಡನ್ನೂ ಒರೆಸಿಕೊಟ್ಟರು.